ಇಪ್ಪತ್ತೆರಡು ವರ್ಷ ತಪ್ಪದೆ ಮಿಂದವನು

ಹಕೊದಾತೆ
೪ ಅಕ್ಟೋಬರ್ ೧೯೬೯

ಶಿಗೆನೊ ಅಕ್ಕನಿಗೆ, ತಮ್ಮ ಗೆನ್‌ಸಾಕು ಮಾಡುವ ನಮಸ್ಕಾರ.

ನಾನು ಕ್ಷೇಮ ಎಂದು ಬರೆಯುವುದು ವಾಡಿಕೆ. ಆದರೆ ನಿನ್ನೆ ಮಧ್ಯಾಹ್ನದಿಂದ, ಕ್ಷೇಮದ ಮಾತು ಹಾಗಿರಲಿ, ನಾನು ಇರುವುದು ಯಾವ ಊರಲ್ಲಿ ಎಂಬುದೇ ನನಗೆ ಖಾತ್ರಿಯಿಲ್ಲ.

ಮಂಜುಗಡ್ಡೆ ಕಾರ್ಖಾನೆಯಲ್ಲಿ ಊಟಕ್ಕೆ ಕುಳಿತಿದ್ದಾಗ ಅಂಚೆಯವನು ಒಂದು ದಪ್ಪ ಲಕೋಟೆ ಕೊಟ್ಟು ಹೋದ. ಕಳಿಸಿದವರು ನಮ್ಮೂರಿನ ಶಿರಾದಾನಿ ಕೆಳಕೇರಿ ಬಚ್ಚಲು ಸಂಘದವರು. ನಾನೇ ಕಟ್ಟಿದ ಕಥೆ ಎಂದು ನೀನು ಬೈಯಬಾರದಲ್ಲ, ಅದಕ್ಕೆ ಒಕ್ಕಣೆಯನ್ನು ಇದ್ದ ಹಾಗೇ ಇಳಿಸುತ್ತೇನೆ: “ಕಳೆದ ಇಪ್ಪತ್ತೆರಡು ವರ್ಷಗಳಲ್ಲಿ ಒಂದು ದಿನವೂ ತಪ್ಪದೆ ಊರ ಬಚ್ಚಲಿನಲ್ಲಿ ಮಿಂದು, ನೀರಿನ ಬಿಸಿಯ ಬಗ್ಗೆ ಒಮ್ಮೆಯೂ ತಕರಾರೆತ್ತದೆ, ಸರ್ವರಿಗೂ ಮಾದರಿಯಾಗಿರುವ ಶ್ರೀ ಹಿದಾಕಾ ಗೆನ್‌ಸಾಕು ಅವರನ್ನು ಸರ್ವಾನುಮತದಿಂದ ಸಂಘದ ಅಧ್ಯಕ್ಷರನ್ನಾಗಿ ಆರಿಸಲಾಗಿದೆ. ನವೆಂಬರ್ ೩ರ ಬೆಳಗ್ಗೆ ಎಲ್ಲ ಸದಸ್ಯರ ಎದುರು ಪದ್ಧತಿಯಂತೆ ಮೊದಲ ಮುಳುಗು ಹಾಕಿ ಅಧಿಕಾರ ವಹಿಸಿಕೊಳ್ಳತಕ್ಕದ್ದು.”

ಲಕೋಟೆಯ ಮೇಲಿನ ವಿಳಾಸ ಹಕೊದಾತೆಯದು. ಇಲ್ಲಿಂದ ಶಿರಾದಾನಿಗೆ ಒಂದು ಹಡಗು, ಮೂರು ರೈಲು, ಎರಡು ಹಗಲು, ಎರಡು ರಾತ್ರಿ. ಅಷ್ಟು ದೂರದವನು ದಿನಾ ಬೆಳಗ್ಗೆ ಬಂದು ಮಿಂದು ಹೋಗುತ್ತಾನೆ ಎಂದು ಬರೆದ ಕೈ ಎಲ್ಲೂ ನಡುಗಿದ ಗುರುತಿಲ್ಲ. ಅಕ್ಷರ ಬಲು ದುಂಡಗಿದೆ.

ನಾನು ಆ ನೀರಿಗೆ ಕೊನೆಯ ಸಲ ಇಳಿದದ್ದು ೧೯೪೭ರಲ್ಲಿ, ಅದೂ ಮೊಣಕಾಲಿನವರೆಗೆ. ನೆಲವೇ ಕುದಿಯುವ ಊರಲ್ಲಿ ಹುಟ್ಟಿಯೂ ಬಿಸಿನೀರೆಂದರೆ ಬೆಕ್ಕಿನಂತೆ ಬೆಚ್ಚುತ್ತಿದ್ದವನು ಕೊನೆಗೆ ಮಂಜುಗಡ್ಡೆಯ ಕಸುಬು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಊರಲ್ಲಿ ಇನ್ನೊಬ್ಬ ಹಿದಾಕಾ ಗೆನ್‌ಸಾಕು ಇದ್ದಾನೆಯೇ? ಇದ್ದರೆ ಆ ಮಹಾನುಭಾವನಿಗೆ ನನ್ನ ಅಭಿನಂದನೆ ತಿಳಿಸು. ಇಲ್ಲದಿದ್ದರೆ ನಿಜ ಸಂಗತಿಯನ್ನು ಸಂಘಕ್ಕೆ ಬರೆದು ತಿಳಿಸುವುದು ಮರ್ಯಾದೆ. ನಿನ್ನ ಉತ್ತರ ನೋಡಿಕೊಂಡು ಬರೆಯುತ್ತೇನೆ.

ನಿನ್ನ
ಗೆನ್‌ಸಾಕು


ಶಿರಾದಾನಿ
೯ ಅಕ್ಟೋಬರ್

ತಮ್ಮಾ,

ಸಂಘಕ್ಕೆ ಒಂದು ಸಾಲೂ ಬರೆಯಬೇಡ. ಆಗಲೇ ಬರೆದಿದ್ದರೆ ಅಂಚೆ ಪೆಟ್ಟಿಗೆಗೆ ಕೈ ಹಾಕಿ ಹಿಂದಕ್ಕೆ ತೆಗೆ.

ಇನ್ನೊಬ್ಬ ಗೆನ್‌ಸಾಕು ಇಲ್ಲ. ಮಾದರಿ ಪುರುಷ ನೀನೇ. ಹೇಗೆ ಅಂದರೆ, ಬಚ್ಚಲಿನ ಪಡಸಾಲೆಯಲ್ಲಿ ತೂಗುವ ಹೆಸರುಹಲಗೆಗಳನ್ನು ನೀನು ಮರೆತಿರಲಾರೆ. ಮನೆಗೊಂದರಂತೆ ನಲವತ್ತು, ಮನೆಯ ಗಂಡಸಿನ ಹೆಸರಿನಲ್ಲಿ. ಮೀಯಲು ಬಂದವರು ತಮ್ಮ ಹಲಗೆಯನ್ನು ಕಪ್ಪು ಬದಿಯಿಂದ ಕೆಂಪು ಬದಿಗೆ ತಿರುಗಿಸಬೇಕು. ಒಂದು ವರ್ಷ ತಿರುಗದ ಹಲಗೆಯನ್ನು ಇಳಿಸುತ್ತಾರೆ. ಹಲಗೆ ಇಳಿದ ದಿನವೇ ಆ ಮನೆಗೆ ಹೋಗುವ ಹಬೆಯ ಕೊಳವೆಯನ್ನೂ ಮುಚ್ಚುತ್ತಾರೆ. ಅಪ್ಪ ಹೋದ ಮೇಲೆ ನಮ್ಮ ಹಲಗೆ ನಿನ್ನ ಹೆಸರಿಗೆ ಬಂತು. ವರ್ಷ ತುಂಬುವುದರೊಳಗೆ ನೀನು ಹಿಮ ನೋಡಲು ಹೋದೆ.

ನನ್ನದು ಆರು ಕೋಣೆಯ ತಂಗುಮನೆ. ಮಂಡಿನೋವಿನವರು, ಸೊಂಟ ಹಿಡಿದವರು ಬಂದು ಎರಡು ವಾರ ಇದ್ದು, ಹಿತ್ತಿಲ ಹಬೆ ಒಲೆಯಲ್ಲಿ ತಮ್ಮ ಅನ್ನ, ಗೆಣಸು ತಾವೇ ಬೇಯಿಸಿಕೊಳ್ಳುತ್ತಾರೆ. ಅವರು ಬರುವುದು ಆ ಹಬೆಗೆ, ನನ್ನ ಮುಖ ನೋಡಲಲ್ಲ. ಹಬೆ ನಿಂತರೆ ಉಳಿಯುವುದು ಆರು ತಣ್ಣನೆಯ ಕೋಣೆ ಮತ್ತು ನಾನು. ಆದ್ದರಿಂದ ದಿನಾ ನಸುಕಿನ ನಾಲ್ಕಕ್ಕೆ, ಯಾರೂ ಬರುವ ಮೊದಲು, ನಿನ್ನ ಹಲಗೆ ತಿರುಗಿಸಿ ನಾನು ಹೆಂಗಸರ ಬಾಗಿಲಿಗೆ ಹೋಗುತ್ತೇನೆ. ವರ್ಷಕ್ಕೊಮ್ಮೆ ತಿರುಗಿಸಿದ್ದರೂ ನಡೆಯುತ್ತಿತ್ತು. ಆದರೆ ವರ್ಷಕ್ಕೊಮ್ಮೆ ಬರುವವನನ್ನು ಜನ ನೆನಪಿಟ್ಟುಕೊಳ್ಳುತ್ತಾರೆ. ದಿನಾ ಬರುವವನನ್ನು ಯಾರೂ ನೋಡುವುದಿಲ್ಲ.

ಈಗ ತೊಂದರೆ ಬಂದಿರುವುದು ಸಾಕೆ ಮದ್ಯದ ಅಂಗಡಿಯ ಕುರಾಮೊಚಿಯಿಂದ. ಅವನ ಎರಡನೇ ಮಗ ತಂಗುಮನೆ ಕಟ್ಟಬೇಕಂತೆ. ನಲವತ್ತೊಂದನೇ ಮನೆಗೆ ಸಾಲುವಷ್ಟು ಹಬೆ ನೆಲದಲ್ಲಿಲ್ಲ. ಹಾಗಾಗಿ ಯಾವ ಹಲಗೆ ಬೀಳುತ್ತದೋ ಎಂದು ಅವನು ಹಣ್ಣಿನ ಮರದ ಕೆಳಗಿನ ನರಿಯ ಹಾಗೆ ಕಾದಿದ್ದಾನೆ. ಅಧ್ಯಕ್ಷತೆಗೆ ನಿನ್ನ ಹೆಸರು ಸೂಚಿಸಿದವನೂ ಅವನೇ. ಮೂರನೇ ತಾರೀಖು ನೀನು ಮುಳುಗದಿದ್ದರೆ, ಇಂಥ ಮನುಷ್ಯನೇ ಇಲ್ಲ ಎಂದು ಎಲ್ಲರ ಎದುರು ಹೇಳಿ ಹಲಗೆ ಇಳಿಸುತ್ತಾನೆ.

ಆದ್ದರಿಂದ ಬಾ. ಬೆಳಗ್ಗೆ ಬಂದು ಮುಳುಗಿ, ಬಾಗಿ ನಮಸ್ಕರಿಸಿ, ಸಂಜೆಯ ರೈಲಿಗೆ ಹೋಗು. ಮಾತಾಡುವ ಅಗತ್ಯವಿಲ್ಲ. ನೀರು ನಲವತ್ತೇಳು ಡಿಗ್ರಿ ಇರುತ್ತದೆ. ಸತ್ತವರು ಯಾರೂ ಇಲ್ಲ.

ನಿನ್ನ ವಿಳಾಸವನ್ನು ಅವರಿಗೆ ಯಾರು ಕೊಟ್ಟರೋ ತಿಳಿಯದು. ನಾನು ಕೊಟ್ಟಿಲ್ಲ. ಅದನ್ನು ನೆನೆದರೆ ಹಬೆಯ ಪಕ್ಕದಲ್ಲಿದ್ದೂ ಕೈ ತಣ್ಣಗಾಗುತ್ತದೆ.

ಅಕ್ಕ


ಹಕೊದಾತೆ
೧೪ ಅಕ್ಟೋಬರ್

ಅಕ್ಕಾ,

ನಿನ್ನ ಕಾಗದ ಮೂರು ಸಲ ಓದಿದೆ. ಸಂಘಕ್ಕೆ ಬರೆಯುವುದಿಲ್ಲ.

ಮೂರನೇ ತಾರೀಖು ಬರುವ ಬಗ್ಗೆ ಮಾತು ಕೊಡಲಾರೆ. ಬೊಂಡಾಸ್ ಮೀನಿನ ಸುಗ್ಗಿ, ದಕ್ಕೆಯ ತುಂಬ ದೋಣಿಗಳು, ಎಷ್ಟು ಮಂಜುಗಡ್ಡೆ ಒಡೆದರೂ ಸಾಲದು. ರಜೆ ಎಂದರೆ ಯಜಮಾನರಿಗೆ ಕಿವಿ ಕೇಳಿಸುವುದಿಲ್ಲ. ಬೆಟ್ಟದ ಮೇಲೆ ಮೊದಲ ಹಿಮ ಬಿದ್ದಿದೆ. ನಿನ್ನ ಮಂಡಿ ಹೇಗಿದೆ?

ಗೆನ್‌ಸಾಕು


ಶಿರಾದಾನಿ
೨೩ ಅಕ್ಟೋಬರ್

ಹಿದಾಕಾ ಗೆನ್‌ಸಾಕು ಅವರಿಗೆ,

ನಿಮ್ಮ ಬೊಂಡಾಸ್ ಮೀನುಗಳಿಗೆ ನನ್ನ ನಮಸ್ಕಾರ ತಿಳಿಸಿ. ನನ್ನ ಮಂಡಿ ಇದ್ದಲ್ಲೇ ಇದೆ.

ಮೊನ್ನೆ ಇಪ್ಪತ್ತೊಂದಕ್ಕೆ ಜಿಲ್ಲಾ ಕಚೇರಿಯಿಂದ ತಪಾಸಣೆಯವನು ಬಂದಿದ್ದ. ಹಾಗೆಂದು ಅವನು ಹೇಳಲಿಲ್ಲ, ಅವರು ಹೇಳುವುದೂ ಇಲ್ಲ. ಬೋಳು ತಲೆಯ, ಹೊಟ್ಟೆ ಮುಂದೆ ಬಂದ ಮನುಷ್ಯ. ಕಿವಿ ಮುಚ್ಚುವ ಟೊಪ್ಪಿ, ಕಪ್ಪು ಕನ್ನಡಕ. ಹಬೆ ಹಿಡಿದು ಕನ್ನಡಕ ಮಸುಕಾದರೂ ತೆಗೆಯಲಿಲ್ಲವಂತೆ, ಎರಡು ಸಲ ಕಂಬಕ್ಕೆ ಹಾಯ್ದನಂತೆ. ಮೊದಲ ಬಸ್ಸಿಗೆ ಇಳಿದವನು ಸಂಜೆಯವರೆಗೆ ಕಣಿವೆಯ ಒಂದು ತೂತನ್ನೂ ಬಿಡದೆ ಬಗ್ಗಿ ನೋಡಿದ್ದಾನೆ. ಮೊಟ್ಟೆ ಮಾರುವ ಹಾತ್ಸು ಅಜ್ಜಿಯ ಹತ್ತಿರ ಮೊಟ್ಟೆ ಕೊಂಡು, ಹಬೆಗಿಟ್ಟು, ಮರೆತು, ಕಲ್ಲಾದ ಮೇಲೆ ಎತ್ತಿ ಚಕಾರವೆತ್ತದೆ ತಿಂದನಂತೆ. ಸರಕಾರದವರಲ್ಲದೆ ಇನ್ಯಾರು ಹಾಗೆ ತಿನ್ನುತ್ತಾರೆ?

ಹೋದಲ್ಲೆಲ್ಲ ಅವನು ಕೇಳಿದ್ದು ಒಂದೇ ಮಾತು. ಹಿದಾಕಾ ಗೆನ್‌ಸಾಕು ಎಂಥ ಮನುಷ್ಯ?

ಸಂಜೆ ಕೇರಿಯವರೆಲ್ಲ ಒಬ್ಬೊಬ್ಬರಾಗಿ ಬಂದು, ತಾವೇನು ಹೇಳಿದೆವು ಎಂದು ನನಗೆ ವರದಿ ಒಪ್ಪಿಸಿದರು. ನಾನು ಕೇಳಿದ್ದೆನೇ? ನನ್ನ ತಮ್ಮನ ಬಗ್ಗೆ ಅವರೇಕೆ ಸುಳ್ಳು ಹೇಳಬೇಕು? ಅವರಿಗೆ ಏನು ಗೊತ್ತು, ಎಷ್ಟು ಗೊತ್ತು ಎಂದು ಯೋಚಿಸುತ್ತ ಕುಳಿತು ಗೆಣಸನ್ನು ಹಬೆಯಲ್ಲೇ ಬಿಟ್ಟೆ. ಬೆಂದು ಗಂಜಿಯಾಯಿತು.

ಕುರಾಮೊಚಿ ದೂರು ಕೊಟ್ಟಿದ್ದಾನೆ, ಅಷ್ಟೇ. ಮೂರನೇ ತಾರೀಖಿನ ನಂತರ ಬರುತ್ತೇವೆಂದಿದ್ದ ಇಬ್ಬರಿಗೆ ಬೇರೆ ಕಡೆ ನೋಡಿಕೊಳ್ಳಿ ಎಂದು ಬರೆದೆ. ಹಾಸಿಗೆಗಳನ್ನು ಒಗೆದು ಕಟ್ಟಿಟ್ಟಿದ್ದೇನೆ. ಇಂಥ ಹೊತ್ತಲ್ಲಿ ಮನೆಯಲ್ಲೊಬ್ಬ ಗಂಡಸು ಇದ್ದಿದ್ದರೆ ಎಂದು ನಾನು ಬರೆಯುವುದಿಲ್ಲ. ಇದ್ದಿದ್ದರೂ ಅದು ನೀನೇ ಆಗಿರುತ್ತಿದ್ದೆ.

ಶಿಗೆನೊ


ಹಕೊದಾತೆ
೨೭ ಅಕ್ಟೋಬರ್

ಅಕ್ಕಾ,

ಕುಳಿತುಕೊಂಡು ಓದು. ಹಬೆ ಒಲೆಯಿಂದ ದೂರ ಕುಳಿತುಕೋ.

ಆ ತಪಾಸಣೆಯವನು ನಾನು.

ಬೊಂಡಾಸ್ ಸುಗ್ಗಿ ಮುಗಿದು ತಿಂಗಳಾಯಿತು. ನಿನ್ನ ಕಾಗದ ಓದಿದ ದಿನವೇ ರಜೆ ಕೇಳಿದೆ, ಯಜಮಾನರು ಸಂತೋಷದಿಂದ ಕೊಟ್ಟರು. ಮೂರನೇ ತಾರೀಖು ಎಲ್ಲರೆದುರು ನೀರಿಗಿಳಿದು ಕಿರುಚಿಕೊಂಡರೆ ನಿನ್ನ ಹಬೆ ಹೋಗುತ್ತದೆ. ಅದಕ್ಕೆ ಒಂದು ದಿನ ಕದ್ದು ಬಂದು ತಾಲೀಮು ಮಾಡಿ ಹೋಗುವುದೆಂದು ನಿರ್ಧರಿಸಿದೆ. ನಲವತ್ತೊಂಬತ್ತನೇ ವಯಸ್ಸಿನಲ್ಲಿ ಮೀಯುವುದನ್ನು ಕಲಿಯಲು ಸಮುದ್ರ ದಾಟಿದ ಗಂಡಸು ಚರಿತ್ರೆಯಲ್ಲಿ ಬೇರೊಬ್ಬನಿರಲಾರ.

ಬಸ್ಸಿನಿಂದ ಇಳಿದದ್ದೇ ಗಂಧಕದ ವಾಸನೆ ಮೂಗಿಗೆ ಹೊಡೆಯಿತು. ಆ ವಾಸನೆಗೆ ಕಣ್ಣು ತುಂಬಿತು ಎಂದು ಬರೆಯಬಹುದು, ಎಲ್ಲರ ಕಣ್ಣೂ ತುಂಬುತ್ತದೆ. ಕಪ್ಪು ಕನ್ನಡಕ ಹಾಕಿದ್ದು ಗುರುತು ಸಿಗದಿರಲೆಂದು. ಅದರಿಂದ ನನಗೇ ಊರಿನ ಗುರುತು ಸಿಗಲಿಲ್ಲ. ನೀಲಿ ಕೊಳದ ಬಳಿ ಬೇಲಿ ಹಾಕಿದ್ದಾರೆ. ನಾವು ಅಕ್ಕಿ ಚೀಲ ಇಳಿಬಿಡುತ್ತಿದ್ದ ತೂತಿಗೆ ಕಬ್ಬಿಣದ ಮುಚ್ಚಳ ಬಂದಿದೆ. ಕೆಸರು ಕುದಿಯುವ ಗುಂಡಿ ಮಾತ್ರ ಹಾಗೇ ಇದೆ, ಮುದುಕರು ಊಟವಾದ ಮೇಲೆ ತೇಗಿದ ಹಾಗೆ ಸದ್ದು ಮಾಡುತ್ತ.

ಧೈರ್ಯ ಬರಲೆಂದು ಬಚ್ಚಲಿಗೆ ಹೋಗುವ ಮೊದಲು ನನ್ನ ಬಗ್ಗೆ ನಾನೇ ವಿಚಾರಿಸಿದೆ. ಹಾತ್ಸು ಅಜ್ಜಿ, ಗೆನ್‌ಸಾಕು ದಿನಾ ಮುದುಕರ ಬೆನ್ನುಜ್ಜಿ ಕೊಡುತ್ತಾನೆ ಎಂದಳು. ಚಾಪೆ ಹೆಣೆಯುವವನು, ಅವನಷ್ಟು ಚೆನ್ನಾಗಿ ಕೊಳಲೂದುವವರು ಕಣಿವೆಯಲ್ಲಿಲ್ಲ ಎಂದ. ಟೋಫು ಮಾರುವ ಹೆಂಗಸು, ಕಳೆದ ವರ್ಷ ತನ್ನ ಮಗು ಕೆಸರಗುಂಡಿಗೆ ಬೀಳುವುದರಲ್ಲಿತ್ತು, ಅವನೇ ಹಿಡಿದೆಳೆದ ಎಂದು ಸೆರಗಿನಷ್ಟಗಲದ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡಳು. ಅಕ್ಕಾ, ನನ್ನ ಎದೆ ಒಡೆಯುವುದೊಂದು ಬಾಕಿ. ಆ ಮೊಟ್ಟೆ ಕಲ್ಲಾದದ್ದು ಆಗಲೇ. ಇಷ್ಟು ಒಳ್ಳೆಯವನ ಜಾಗದಲ್ಲಿ ನಾನು ಹೋಗಿ ನಿಂತರೆ ಊರಿಗೇ ಮೋಸ ಎನ್ನಿಸಿತು.

ಮಧ್ಯಾಹ್ನ ಬಚ್ಚಲಿಗೆ ಹೋದೆ. ಬಾಗಿಲ ಕಟ್ಟೆಯ ಮೇಲೆ ಅದೇ ಉಮೆಕಿಚಿ ತಾತ. ತಲೆ ಎತ್ತದೆ, “ಯಾರ ಕಡೆಯೋರು?” ಎಂದ. ಹೊರಗಿನವರು ಸದಸ್ಯರೊಬ್ಬರ ಹೆಸರು ಹೇಳಬೇಕಲ್ಲ. ನನಗೆ ಬಾಯಿಗೆ ಬಂದದ್ದು ಒಂದೇ ಹೆಸರು. ಹಿದಾಕಾ ಗೆನ್‌ಸಾಕು ಅವರ ಕಡೆಯವನು ಎಂದೆ.

“ಒಳ್ಳೇ ಜನ. ಹೋಗಿ.”

ಒಳಗೆ ಯಾರೂ ಇರಲಿಲ್ಲ. ಮೈ ತೊಳೆದುಕೊಂಡು, ಹಲ್ಲು ಕಚ್ಚಿ, ಕಾಲಿಟ್ಟೆ. ಕಿರುಚಿದ್ದು ನಾನೆಂದು ತಿಳಿಯಲು ನನಗೇ ಸ್ವಲ್ಪ ಹೊತ್ತು ಹಿಡಿಯಿತು. ಆಗ ಗೋಡೆಯಾಚೆಯಿಂದ ತಾತನ ಧ್ವನಿ ಬಂತು.

“ಇಪ್ಪತ್ತೆರಡು ವರ್ಷ ಆಯ್ತಲ್ಲೋ ಗೆನ್. ಇನ್ನೂ ಎಡಗಾಲಿನ ಹೆಬ್ಬೆರಳೇ ಮೊದಲಾ?”

ಟವೆಲ್ ಸುತ್ತಿಕೊಂಡು ಹೊರಗೆ ಬಂದು ಕಟ್ಟೆಯ ಪಕ್ಕ ಕುಸಿದೆ. ಅವನು ಬಾರ್ಲಿ ಚಹಾ ಬಗ್ಗಿಸಿಕೊಟ್ಟ. ನನ್ನನ್ನು ಕಚೇರಿಯವನೆಂದು ತಿಳಿದು ಕೇರಿಗೆ ಕೇರಿಯೇ ನಿನ್ನ ಪರವಾಗಿ ಸುಳ್ಳು ಹೇಳಿತಂತೆ. ಟೋಫುವಿನವಳಿಗೆ ಮಗುವೇ ಇಲ್ಲವಂತೆ. ಅಂದರೆ ನಿನ್ನ ಗುಟ್ಟು ಎಲ್ಲರಿಗೂ ಗೊತ್ತು. ಮೊದಲ ತಿಂಗಳಿಂದಲೇ ಗೊತ್ತು.

“ನಿಮ್ಮಕ್ಕ ನಾಲ್ಕಕ್ಕೆ ಬರ್ತಾಳೆ,” ಎಂದ ತಾತ. “ನಾನು ಬೀಗ ತೆಗ್ದು ಹಿಂದುಗಡೆ ಹೋಗಿ ನಿಂತ್ಕೋತೀನಿ. ಚಳಿಗಾಲದಲ್ಲಿ ಸ್ವಲ್ಪ ಕಷ್ಟ. ಬೇಗ ತಿರುಗಿಸಮ್ಮ ಅಂತ ಹೇಳಕ್ಕಾಗತ್ತಾ?”

ಹಾಗಾದರೆ ಇಲ್ಲದವನನ್ನು ಅಧ್ಯಕ್ಷ ಮಾಡಿದ್ದೇಕೆ ಎಂದು ಕೇಳಿದೆ. ಸೂಚಿಸಿದ ಕುರಾಮೊಚಿಗೆ ಅವನ ಲೆಕ್ಕ ಇತ್ತು. ಉಳಿದವರು ಕೈ ಎತ್ತಿದ್ದು ಬೇರೆ ಕಾರಣಕ್ಕೆ. ಹಳೆಯ ಅಧ್ಯಕ್ಷರು ಹೋದ ಮೇಲೆ ನೀರು ಇನ್ನೂ ಬಿಸಿಯಿರಲಿ ಎನ್ನುವವರಿಗೂ ತಣ್ಣೀರು ಬೆರೆಸಿ ಎನ್ನುವವರಿಗೂ ಮಾತೇ ನಿಂತಿದೆಯಂತೆ.

“ಬಿಸಿ ಜಾಸ್ತಿ ಅಂತಾಗ್ಲಿ ಕಮ್ಮಿ ಅಂತಾಗ್ಲಿ ಇಷ್ಟು ವರ್ಷದಲ್ಲಿ ಒಂದ್ಸಲಾನೂ ಹೇಳದೇ ಇರೋನು ನೀನೊಬ್ನೇ. ಇಲ್ದೇ ಇರೋನಷ್ಟು ಒಳ್ಳೇನು ಊರಲ್ಲಿ ಇನ್ಯಾರಿದಾರೆ?”

ನನ್ನ ವಿಳಾಸ ತಾತನಿಗೆ ಸಿಕ್ಕದ್ದು ಅಂಚೆಯವನಿಂದ. ಎಲ್ಲರಿಗೂ ಗೊತ್ತಿದ್ದ ಮೇಲೆ ನಿನ್ನ ಹಬೆಗೆ ಭಯವಿಲ್ಲ ತಾನೇ ಎಂದೆ. ತಾತ ಹಾಗಲ್ಲ ಎಂದು ತಲೆಯಾಡಿಸಿದ. “ಸುಮ್ನಿದ್ರೆ ಎಲ್ರಿಗೂ ಗೊತ್ತು. ಕುರಾಮೊಚಿ ಬಾಯ್ಬಿಟ್ಟು ಕೇಳಿದ್ನೋ, ಆಮೇಲೆ ಎಲ್ರೂ ಗೊತ್ತಿಲ್ಲ ಅನ್ನಲೇಬೇಕಾಗತ್ತೆ.”

ಅಲ್ಲಿಂದ ನಮ್ಮ ಮನೆಯ ಹಿತ್ತಿಲಿಗೆ ಬಂದೆ. ನಿನ್ನನ್ನು ಕರೆಯಲೆಂದೇ ಬಂದೆ. ನೀನು ಹಬೆ ಒಲೆಯ ಮುಂದೆ ಬಗ್ಗಿದ್ದೆ. ಯಾರೋ ಒಬ್ಬ ತಂಗಿದವನು, ಗೆಣಸು ಹೆಚ್ಚು ಬೆಂದಿದೆ ಎಂದು ನಿನ್ನನ್ನು ಬೈಯುತ್ತಿದ್ದ. ಅದು ಅವನೇ ಇಟ್ಟ ಗೆಣಸು. ನೀನು ಮೂರು ಸಲ ಬಾಗಿ ತಪ್ಪಾಯಿತು ಎಂದೆ. ಒಂಬತ್ತನೇ ವಯಸ್ಸಿನಲ್ಲಿ ತರಕಾರಿಯವಳ ಜೊತೆ ಕಾದಾಡಿ ಅರ್ಧ ಮೂಲಂಗಿ ಹೆಚ್ಚಿಗೆ ತಂದ ನನ್ನ ಅಕ್ಕ. ಆ ದಿನ ನಾನು ಕಂಡದ್ದು ಕೇಳಿದ್ದರಲ್ಲೆಲ್ಲ ನನಗೆ ಸಿಡಿಲು ಬಡಿದಂತಾದದ್ದು ಅದನ್ನು ಕಂಡಾಗಲೇ. ಯಾರ ಜೊತೆಯೂ ತಕರಾರೆತ್ತದ ಗೆನ್‌ಸಾಕು ಎಂದರೆ ಬಾಯಿ ಕಟ್ಟಿಕೊಂಡ ಶಿಗೆನೊ ಎಂದು ಆಗ ಹೊಳೆಯಿತು. ಜಗಳವಾಡಿದರೆ ಯಾರಾದರೂ ಹಲಗೆಯ ಮಾತು ಎತ್ತಿಯಾರು ಎಂದು ತಾನೇ?

ಕರೆಯಲು ಬಾಯಿ ಬರಲಿಲ್ಲ. ನಾನು ಹಿಮ ನೋಡಲು ಹೋದವನಲ್ಲ ಅಕ್ಕಾ. ಅಪ್ಪ ಹೋದ ಮೇಲೆ ಕೆಲಸವೆಲ್ಲ ನೀನು ಮಾಡುತ್ತಿದ್ದೆ, ಯಜಮಾನರೇ ಎಂದು ಜನ ನನ್ನನ್ನು ಕರೆಯುತ್ತಿದ್ದರು. ಅದನ್ನು ತಡೆಯಲಾರದೆ ಹೋದೆ. ಹೋದ ಮೇಲೂ ನೀನು ನನ್ನನ್ನು ಅಲ್ಲೇ ಇಟ್ಟುಕೊಂಡಿದ್ದೆ.

ಮತ್ತೆ ಬಚ್ಚಲಿಗೆ ಹೋದೆ. ಹೊಸ ಹಲಗೆಗಳನ್ನು ಅಧ್ಯಕ್ಷನೇ ತನ್ನ ಕೈಯಿಂದ ಬರೆಯುವ ಪದ್ಧತಿ ಇನ್ನೂ ಇದೆ ತಾನೇ ಎಂದು ತಾತನನ್ನು ಕೇಳಿ, ಒಂದು ಖಾಲಿ ಹಲಗೆ ಇಸಿದುಕೊಂಡು ಮಸಿಯಲ್ಲಿ ‘ಹಿದಾಕಾ ಶಿಗೆನೊ’ ಎಂದು ಬರೆದೆ. ಕೈ ಮಂಜುಗಡ್ಡೆಯ ಕೊಕ್ಕೆ ಹಿಡಿದು ಒರಟಾಗಿದೆ, ಅಕ್ಷರ ಸೊಟ್ಟಗಾಯಿತು. ಹೆಂಗಸಿನ ಹೆಸರು ಬರೆಯಬಾರದು ಎಂದು ಎಲ್ಲೂ ಇಲ್ಲ, ಬರೆಯಬಹುದು ಎಂದೂ ಇಲ್ಲ ಎಂದ ತಾತ. ಜೊತೆಗೆ ಒಂದು ಕಾಗದದಲ್ಲಿ ನನ್ನ ರಾಜೀನಾಮೆಯನ್ನೂ ಬರೆದುಕೊಟ್ಟೆ. ಮೂರನೇ ತಾರೀಖು ತಾತ ನನ್ನ ಹಲಗೆ ತೆಗೆದು ನಿನ್ನದನ್ನು ತೂಗುಹಾಕುತ್ತಾನೆ.

ನಿನ್ನನ್ನು ಕೇಳದೆ ನಿನ್ನ ಹಬೆಯನ್ನೇ ಪಣಕ್ಕಿಟ್ಟಿದ್ದೇನೆ. ಬೇಡವೆನಿಸಿದರೆ ಇನ್ನೂ ಸಮಯವಿದೆ, ತಾತನಿಗೆ ಒಂದು ಮಾತು ಹೇಳಿ ನನಗೆ ತಂತಿ ಕೊಡು. ನಾನು ಬಂದು ಮುಳುಗುತ್ತೇನೆ. ಕಿರುಚಿಕೊಂಡೇ ಮುಳುಗುತ್ತೇನೆ.

ಗೆನ್


ಹಕೊದಾತೆ
೩ ನವೆಂಬರ್

ಅಕ್ಕಾ,

ಇಪ್ಪತ್ತೆಂಟರಿಂದ ಐದು ದಿನ ಬಿರುಗಾಳಿಗೆ ಹಡಗು ಹೊರಡಲಿಲ್ಲವೆಂದು ಇವತ್ತು ಅಂಚೆ ಕಚೇರಿಯಲ್ಲಿ ತಿಳಿಯಿತು. ಹಾಗಾದರೆ ನನ್ನ ಕಾಗದ ನಿನಗೆ ಮುಟ್ಟಿಲ್ಲ. ನೀನು ಏನೂ ತಿಳಿಯದೆ ಈಗ ಆ ಪಡಸಾಲೆಯಲ್ಲಿ ನಿಂತಿದ್ದೀಯ. ನಾನು ಇಲ್ಲಿ ಮಂಜುಗಡ್ಡೆಯ ಮೇಲೆ ಕುಳಿತು ಬೆವರುತ್ತಿದ್ದೇನೆ. ಹಬೆ ಇದೆಯೇ?

ಗೆನ್


ಶಿರಾದಾನಿ
೬ ನವೆಂಬರ್

ತಮ್ಮಾ,

ಹಬೆ ಇದೆ.

ನಿನ್ನ ಉದ್ದದ ಕಾಗದ ನಿನ್ನೆ ಬಂತು. ಮೂರು ದಿನ ಮೊದಲೇ ಬಂದಿದ್ದರೆ ಉಮೆಕಿಚಿಗೆ ಹೇಳಿ ಆ ಹಲಗೆಯನ್ನು ಒಲೆಗೆ ಹಾಕಿಸುತ್ತಿದ್ದೆ. ಬಿರುಗಾಳಿಗೆ ನಿನಗಿಂತ ಬುದ್ಧಿಯಿದೆ.

ಮೂರನೇ ತಾರೀಖು ಬೆಳಗ್ಗೆ ಎಲ್ಲರೂ ಸೇರಿದ್ದರು. ಗಂಡಸರು ಪಡಸಾಲೆಯಲ್ಲಿ, ನಾವು ಹೆಂಗಸರು ಪರದೆಯ ಹಿಂದೆ. ಎಲ್ಲರೂ ನನ್ನ ಕಡೆ ನೋಡದಿರಲು ಬಹಳ ಕಷ್ಟಪಡುತ್ತಿದ್ದರು. ಉಮೆಕಿಚಿ ಎದ್ದು, ಯಾರಿಗೂ ಏನೂ ಹೇಳದೆ, ನಿನ್ನ ಹಲಗೆ ತೆಗೆದು ಇನ್ನೊಂದು ತೂಗುಹಾಕಿ, ನಿನ್ನ ರಾಜೀನಾಮೆ ಓದಿದ. ಹಲಗೆಯ ಮೇಲೆ ನನ್ನ ಹೆಸರು. ಕುಡಿದು ಬರೆದ ಹಾಗಿತ್ತು. ನಾನು ಪಕ್ಕದವಳ ತೋಳು ಹಿಡಿದೆ. ಟೋಫುವಿನವಳು ಅದು. ಅವಳೂ ನನ್ನನ್ನು ಹಿಡಿದಿದ್ದಳು.

ಕುರಾಮೊಚಿ ಎದ್ದು ನಿಂತ. ಮೊದಲ ಮುಳುಗು ಹಾಕದವನು ಅಧ್ಯಕ್ಷನೇ ಅಲ್ಲ, ಅವನು ಬರೆದದ್ದು ಹಲಗೆಯೂ ಅಲ್ಲ ಎಂದ. ಆಮೇಲೆ ಎಲ್ಲರ ಕಡೆ ತಿರುಗಿ ಕೇಳಿಯೇಬಿಟ್ಟ.

“ಇಪ್ಪತ್ತೆರಡು ವರ್ಷದಲ್ಲಿ ಈ ಗೆನ್‌ಸಾಕು ಮುಖಾನ ಯಾರಾದ್ರೂ ನೋಡಿದೀರಾ? ನೋಡಿದ್ರೆ ಕೈ ಎತ್ತಿ.”

ಒಂದು ಕೈಯೂ ಏಳಲಿಲ್ಲ. ಕೊಳಲು ಕೇಳಿದವನ ಕೈಯೂ ಏಳಲಿಲ್ಲ.

ಅವನು ಹಲಗೆಗೆ ಕೈ ಹಾಕಿದ. ನಾನು ಪರದೆ ಸರಿಸಿ ಗಂಡಸರ ನಡುವೆ ಹೋದದ್ದು ನನಗೆ ನೆನಪಿಲ್ಲ, ಹೋದೆನೆಂದು ಎಲ್ಲರೂ ಹೇಳುತ್ತಾರೆ. ಹೇಳಿದ್ದು ಮಾತ್ರ ನೆನಪಿದೆ.

“ಕುರಾಮೊಚಿಯವ್ರೇ, ಐವತ್ತೊಂಬತ್ತನೇ ಇಸವಿಲಿ ನೀವು ಒಸಾಕಾಗೆ ಹೋದ್ರಿ. ಹೊಟ್ಟೆನೋವು ಅಂತ ಹೇಳಿ ಹದಿನಾಲ್ಕು ತಿಂಗಳು ಬರ್ಲಿಲ್ಲ. ಹೊಟ್ಟೆನೋವಿಗೆ ಬಳೆ ಕೊಡಿಸಿದ್ದೂ ನಮಗೆ ಗೊತ್ತು, ಅದಿರ್ಲಿ. ಆ ಹದಿನಾಲ್ಕು ತಿಂಗಳು ನಿಮ್ಮ ಹಲಗೆ ಯಾರು ತಿರುಗಿಸಿದ್ರು?”

ಅವನ ಕೈ ಹಲಗೆಯ ಮೇಲೇ ನಿಂತಿತು.

“ನಿಮ್ಮ ಹೆಂಡತಿ ಕೈಲಿ ನಾಲ್ಕು ತಿಂಗಳ ಕೂಸಿತ್ತು. ಹಬೆ ಹೋದ್ರೆ ಅವಳು ಅನ್ನಕ್ಕೇನು ಮಾಡ್ಬೇಕಿತ್ತು? ನಾನು ತಿರುಗಿಸಿದೆ. ಒಂದು ತಿರುಗಿಸೋಳಿಗೆ ಎರಡು ಭಾರಾನಾ?”

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ನಿನಗೂ ಹೇಳಿರಲಿಲ್ಲ. ಹೇಳಲು ಶುರು ಮಾಡಿದ ಮೇಲೆ ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. ಚಾಪೆಯವನ ಅಪ್ಪ ಜೈಲಿನಲ್ಲಿದ್ದ ವರ್ಷ, ಬಸ್ ಓಡಿಸುವವನು ಕ್ಷಯದ ಆಸ್ಪತ್ರೆಯಲ್ಲಿದ್ದ ಎರಡು ವರ್ಷ, ಹಾತ್ಸು ಅಜ್ಜಿಯ ಗಂಡ ಸತ್ತದ್ದನ್ನು ಸಂಘಕ್ಕೆ ಹೇಳದೆ ಅವನ ಹಲಗೆ ಉಳಿಸಿಕೊಂಡ ಆರು ವರ್ಷ. ನಲವತ್ತರಲ್ಲಿ ಹನ್ನೆರಡು ಹಲಗೆಗಳು, ತಮ್ಮಾ. ಕೆಲವು ನಸುಕಿನಲ್ಲಿ ನನಗೆ ಮೀಯಲು ಸಮಯವೇ ಸಿಗುತ್ತಿರಲಿಲ್ಲ. ಒಂದೊಂದೇ ಹೆಸರು ಹೇಳುತ್ತ ಹೋದ ಹಾಗೆ ಒಂದೊಂದೇ ತಲೆ ಬಗ್ಗುತ್ತ ಹೋಯಿತು. ಬಚ್ಚಲು ತೊಳೆಯುವ ಸರದಿ ತಪ್ಪಿಸಿದವರ ವಿಚಾರಕ್ಕೆ ಬರುವ ಹೊತ್ತಿಗೆ ನೀರು ತಣ್ಣಗಾಗಿತ್ತು, ಬಿಸಿನೀರು ಪಕ್ಷದವರೂ ಚಕಾರವೆತ್ತಲಿಲ್ಲ.

ಕೊನೆಗೆ ಕುರಾಮೊಚಿಯ ಹೆಂಡತಿ ಪರದೆಯ ಹಿಂದಿನಿಂದ, “ರೀ, ಕೈ ತೆಗೀರಿ,” ಎಂದಳು. ಅಷ್ಟೇ. ಅವನು ಕೈ ತೆಗೆದ. ಹಲಗೆ ಅಲ್ಲೇ ಇದೆ. ಸೊಟ್ಟ ಅಕ್ಷರವನ್ನು ತಿದ್ದಿಸಲೇ ಎಂದು ಉಮೆಕಿಚಿ ಕೇಳಿದ, ಬೇಡ ಎಂದೆ. ಅಧ್ಯಕ್ಷರ ಆಯ್ಕೆ ಮುಂದಕ್ಕೆ ಹೋಗಿದೆ. ನನ್ನ ಜೊತೆ ಜಗಳವಾಗದವರು ಈಗ ಊರಲ್ಲಿ ಯಾರೂ ಉಳಿದಿಲ್ಲ.

ಮನೆಗೆ ಬಂದು ಕಟ್ಟಿಟ್ಟ ಹಾಸಿಗೆ ಬಿಚ್ಚಿದೆ. ಗೆಣಸಿನವನು ಇನ್ನೂ ಇದ್ದ. ಅವನಿಗೆ ಏನು ಹೇಳಬೇಕೋ ಹೇಳಿದೆ, ನಾಲ್ಕು ದಿನ ಮೊದಲೇ ಊರಿಗೆ ಹೋದ.

ನೀನು ಹಿತ್ತಿಲಲ್ಲಿ ನಿಂತು ಹಾಗೇ ಹೋದೆ ಎಂದು ಓದಿ, ಕಾಗದ ಮಡಿಚಿಟ್ಟು, ಮತ್ತೆ ಬಿಚ್ಚಿ ಓದಿದೆ. ಆಮೇಲೆ ಸಿಟ್ಟು ಬಂತು. ಅದನ್ನು ಕಾಗದದಲ್ಲಿ ಬರೆಯುವುದಿಲ್ಲ, ಹೊಸ ವರ್ಷಕ್ಕೆ ಬಾ, ಎದುರಿಗೇ ಬೈಯುತ್ತೇನೆ. ಮೀಯಬೇಕಿಲ್ಲ.

ಇವತ್ತೂ ನಾಲ್ಕಕ್ಕೆ ಎಚ್ಚರವಾಯಿತು. ಎದ್ದು ಕೂತೆ. ನನ್ನ ಹಲಗೆಯನ್ನು ನಾನು ಯಾವಾಗ ಬೇಕಾದರೂ ತಿರುಗಿಸಬಹುದು ಎಂದು ನೆನಪಾಗಿ ಮತ್ತೆ ಹೊದ್ದು ಮಲಗಿದೆ. ಇನ್ನು ಮೇಲೆ ಏಳು ಗಂಟೆಗೇ ಹೋಗುವುದೆಂದು ತೀರ್ಮಾನಿಸಿದ್ದೇನೆ. ನಾಲ್ಕಕ್ಕೆ ಹೋದರೆ ಜಗಳಕ್ಕೆ ಯಾರೂ ಸಿಗುವುದಿಲ್ಲ.

ನಿನ್ನ ಅಕ್ಕ
ಹಿದಾಕಾ ಶಿಗೆನೊ